ಬಿಂದುಗಳು ಗೆರೆಯಾಗುವ ಬಗೆ: ನಕ್ಷೆಯ ತಂತ್ರಾಂಶಕ್ಕೆ ಗೊತ್ತಿರುವುದೆಷ್ಟು?

ಭಾರತದ ಕರಾವಳಿಯ ಉದ್ದವೆಷ್ಟು? ಶಾಲೆಯಲ್ಲಿ ಭೂಗೋಳ ಓದಿದವರಿಗೆಲ್ಲ ಬಾಯಿಪಾಠವಾಗಿದ್ದ ಉತ್ತರ 7,516.6 ಕಿಲೋಮೀಟರ್. ಕೇಂದ್ರ ಗೃಹ ಸಚಿವಾಲಯದ 2023-24ನೇ ಸಾಲಿನ ವಾರ್ಷಿಕ ವರದಿ ಈ ಉತ್ತರವನ್ನು ಬದಲಿಸಿತು. ಅದರ ಪ್ರಕಾರ ದೇಶದ ಕರಾವಳಿಯ ಉದ್ದ 11,098.81 ಕಿ.ಮೀ. ಅಂದರೆ ಮೂರೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ಹೆಚ್ಚಳ. ಕರ್ನಾಟಕದ ಪಾಲು 280 ಕಿ.ಮೀ.ಯಿಂದ ಸುಮಾರು 343 ಕಿ.ಮೀ.ಗೆ ಏರಿತು.

ಸಮುದ್ರ ಹಿಂದೆ ಸರಿದು ಹೊಸ ನೆಲವೇನೂ ಮೂಡಿರಲಿಲ್ಲ. ಕಾರವಾರದಿಂದ ತಲಪಾಡಿಯವರೆಗಿನ ಕಡಲತೀರ ಇದ್ದಲ್ಲೇ ಇತ್ತು. ಬದಲಾದದ್ದು ಆ ತೀರವನ್ನು ಗುರುತಿಸಿದ ಬಿಂದುಗಳ ಸಂಖ್ಯೆ. 1970ರ ದಶಕದ ಹಳೆಯ ಅಳತೆಗೆ ಆಧಾರವಾಗಿದ್ದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ನಾಲ್ಕೂವರೆ ಕಿಲೋಮೀಟರ್. ಹೊಸ ಅಳತೆಗೆ ಬಳಸಿದ ವಿದ್ಯುನ್ಮಾನ ನಕ್ಷೆಯ ಪ್ರಮಾಣದಲ್ಲಿ ಒಂದು ಮಿಲಿಮೀಟರ್ ಎಂದರೆ 250 ಮೀಟರ್. ಹಳೆಯ ನಕ್ಷೆಯಲ್ಲಿ ಒಂದೇ ಗೀಟಿನಲ್ಲಿ ಮುಚ್ಚಿಹೋಗಿದ್ದ ಕೊಲ್ಲಿ, ಅಳಿವೆ, ಹಿನ್ನೀರಿನ ಬಾಗುಗಳೆಲ್ಲ ಹೊಸ ನಕ್ಷೆಯಲ್ಲಿ ಬೇರೆ ಬೇರೆಯಾಗಿ ಕಾಣಿಸಿಕೊಂಡವು. ಬಿಂದುಗಳು ಹತ್ತಿರ ಹತ್ತಿರ ಬಂದಂತೆ ಅವುಗಳನ್ನು ಸೇರಿಸುವ ಗೆರೆ ಹೆಚ್ಚು ಬಳುಕಿತು, ಬಳುಕಿದಷ್ಟೂ ಉದ್ದವಾಯಿತು.

ಇದು ಭಾರತಕ್ಕೆ ಮಾತ್ರ ಎದುರಾದ ಸೋಜಿಗವೇನಲ್ಲ. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಒಂದೇ ಗಡಿಯನ್ನು ಒಂದು ಮೂಲ 987 ಕಿ.ಮೀ. ಎಂದೂ ಇನ್ನೊಂದು 1,214 ಕಿ.ಮೀ. ಎಂದೂ ನಮೂದಿಸಿದ್ದನ್ನು ಇಂಗ್ಲೆಂಡಿನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಗಮನಿಸಿದ್ದರು. ಅವರ ನಿಧನಾನಂತರ, 1961ರಲ್ಲಿ, ಈ ಅಧ್ಯಯನ ಪ್ರಕಟವಾಯಿತು. ಅದನ್ನು ಮುಂದುವರಿಸಿದ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದವೆಷ್ಟು ಎಂಬ ಪ್ರಶ್ನೆಯನ್ನೇ ತಮ್ಮ ಪ್ರಬಂಧದ ತಲೆಬರಹವಾಗಿಸಿದರು. ಅಳತೆಗೋಲು ಕಿರಿದಾದಂತೆ ಉದ್ದ ಹಿಗ್ಗುತ್ತದೆ ಎಂಬುದು ಇವರಿಬ್ಬರ ವಿಚಾರದ ತಿರುಳು.

ಇಂದು ಇಂಥ ಗೆರೆಗಳನ್ನು ಎಳೆಯುವುದು ಭೂಮಾಪನ ಇಲಾಖೆಯವರು ಮಾತ್ರವಲ್ಲ. ಮೊಬೈಲು ಹಿಡಿದ ಚಾರಣಿಗರು, ಕೆರೆ ಉಳಿಸಲು ಹೊರಟ ಬಡಾವಣೆಯ ನಿವಾಸಿಗಳು, ಬಸ್ಸಿನ ಜಾಡು ಹಿಡಿಯುವ ಸಂಸ್ಥೆಗಳು, ಆನೆಗಳ ಚಲನವಲನ ಗಮನಿಸುವ ಅರಣ್ಯ ಸಿಬ್ಬಂದಿ ಎಲ್ಲರೂ ಎಳೆಯುತ್ತಿದ್ದಾರೆ. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ಮಾರ್ಗಸೂಚಿಗಳು ಭಾರತೀಯರು ನಕ್ಷೆ ತಯಾರಿಸಲು ಅಡ್ಡಿಯಾಗಿದ್ದ ಪೂರ್ವಾನುಮತಿಯ ಕಟ್ಟುಪಾಡುಗಳನ್ನು ಬಹುಮಟ್ಟಿಗೆ ತೆಗೆದುಹಾಕಿದವು. ತಂತ್ರಾಂಶವೂ ಉಚಿತವಾಗಿ ದೊರೆಯುತ್ತದೆ. ಹೀಗಾಗಿ, ತೆರೆಯ ಮೇಲೆ ಮೂಡಿದ ಗೆರೆಯೊಂದನ್ನು ಎಷ್ಟು ನಂಬಬೇಕು ಎಂಬುದು ಈಗ ಎಲ್ಲರೂ ತಿಳಿದಿರಬೇಕಾದ ವಿಷಯ.

ಬಿಂದುವಿನಲ್ಲಿ ಏನಿರುತ್ತದೆ?

ತಂತ್ರಾಂಶದ ಮಟ್ಟಿಗೆ ಬಿಂದುವೆಂದರೆ ಎರಡು ಸಂಖ್ಯೆಗಳು: ಅಕ್ಷಾಂಶ ಮತ್ತು ರೇಖಾಂಶ. ಬೆಂಗಳೂರು ನಗರದ ನಡುಭಾಗವನ್ನು 12.9716 ಮತ್ತು 77.5946 ಎಂದು ಬರೆಯುವುದು ವಾಡಿಕೆ. ಇವುಗಳ ಜೊತೆಗೆ ಆ ಬಿಂದುವನ್ನು ದಾಖಲಿಸಿದ ಸಮಯ, ಕ್ರಮಸಂಖ್ಯೆ, ವಾಹನದ ಹೆಸರು ಮುಂತಾದ ವಿವರಗಳೂ ಇರಬಹುದು.

ದಶಮಾಂಶದ ನಂತರದ ಅಂಕಿಗಳು ಬರಿಯ ಅಲಂಕಾರವಲ್ಲ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಆದ್ದರಿಂದ ನಾಲ್ಕನೆಯ ಅಂಕಿ ಸುಮಾರು 11 ಮೀಟರನ್ನೂ ಐದನೆಯದು ಸುಮಾರು ಒಂದು ಮೀಟರನ್ನೂ ಸೂಚಿಸುತ್ತದೆ. ಕೋಷ್ಟಕವನ್ನು ಚೊಕ್ಕಟಗೊಳಿಸುವ ಉತ್ಸಾಹದಲ್ಲಿ ಯಾರಾದರೂ ಎರಡೇ ಅಂಕಿಗಳನ್ನು ಉಳಿಸಿಕೊಂಡರೆ ಒಂದು ಕಿಲೋಮೀಟರಿನೊಳಗಿನ ವ್ಯತ್ಯಾಸಗಳೆಲ್ಲ ಅಳಿಸಿಹೋಗುತ್ತವೆ; ಒಂದು ಬೀದಿಯ ಹತ್ತಾರು ಬಿಂದುಗಳು ಒಂದೇ ಜಾಗದಲ್ಲಿ ಗುಡ್ಡೆಬೀಳುತ್ತವೆ.

ಬಿಂದುವನ್ನು ಕೊಡುವ ಉಪಗ್ರಹ ವ್ಯವಸ್ಥೆಗೂ ಮಿತಿಯಿದೆ. ಅಮೆರಿಕದ ಜಿಪಿಎಸ್ ಸಂಕೇತವನ್ನು ನಾಗರಿಕರ ಬಳಕೆಗೆ ಬೇಕೆಂದೇ ಮಸುಕುಗೊಳಿಸುವ ಪದ್ಧತಿ 2000ದ ಮೇ ತಿಂಗಳಲ್ಲಿ ಕೊನೆಗೊಂಡಿತು. ಅದಕ್ಕೆ ಮೊದಲು ತಪ್ಪು ನೂರು ಮೀಟರಿನವರೆಗೂ ಇರಬಹುದಾಗಿತ್ತು. ಈಗ ಸಾಮಾನ್ಯ ಮೊಬೈಲು ಬಯಲಿನಲ್ಲಿ ಸುಮಾರು ಐದು ಮೀಟರಿನೊಳಗೆ ಜಾಗವನ್ನು ಗುರುತಿಸಬಲ್ಲದು. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ತಿರುಗಿ ಬರುವುದರಿಂದ, ದಟ್ಟ ಮರಗಳ ಅಡಿಯಲ್ಲಿ ಸಂಕೇತ ಕ್ಷೀಣಿಸುವುದರಿಂದ, ಈ ಅಂತರ ಇನ್ನಷ್ಟು ಹೆಚ್ಚುತ್ತದೆ.

ಗೆರೆ ಹುಟ್ಟುವ ಕ್ರಮ

ಒಂದು ಉದಾಹರಣೆ ನೋಡಬಹುದು. ಬಡಾವಣೆಯೊಂದರ ನಿವಾಸಿಗಳು ತಮ್ಮ ಕೆರೆಯ ಸುತ್ತ ನಡೆದು, ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಮೊಬೈಲಿನಲ್ಲಿ ಬಿಂದು ದಾಖಲಿಸುತ್ತಾರೆ ಎಂದಿಟ್ಟುಕೊಳ್ಳೋಣ. ಕೊನೆಗೆ ಅವರ ಕೈಗೆ ಬರುವುದು ನೂರಾರು ಸಾಲುಗಳ ಒಂದು ಕೋಷ್ಟಕ. ಅದನ್ನು ಕ್ಯೂಜಿಐಎಸ್‌ನಂತಹ ತಂತ್ರಾಂಶಕ್ಕೆ ಒಪ್ಪಿಸಿದರೆ ತೆರೆಯ ಮೇಲೆ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು ಮೂಡುತ್ತವೆ. 2002ರಲ್ಲಿ ಅಮೆರಿಕದ ಗ್ಯಾರಿ ಶೆರ್ಮನ್ ಆರಂಭಿಸಿದ ಈ ತಂತ್ರಾಂಶವನ್ನು ಈಗ ಜಗತ್ತಿನಾದ್ಯಂತ ಸ್ವಯಂಸೇವಕರು ಬೆಳೆಸುತ್ತಿದ್ದಾರೆ. ಯಾರು ಬೇಕಾದರೂ ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು.

ಚುಕ್ಕೆಗಳ ರಾಶಿಯಲ್ಲಿ ಕೆರೆಯ ಆಕಾರ ಮನುಷ್ಯನ ಕಣ್ಣಿಗೆ ಕೂಡಲೇ ಕಾಣುತ್ತದೆ. ತಂತ್ರಾಂಶಕ್ಕೆ ಹಾಗೆ ಕಾಣುವುದಿಲ್ಲ. ‘ಪಾಯಿಂಟ್ಸ್ ಟು ಪಾತ್’ ಎಂಬ ಸಲಕರಣೆಯನ್ನು ತೆರೆದರೆ ಅದು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಬಿಂದುಗಳನ್ನು ಯಾವ ಕಾಲಂ ನೋಡಿ ಒಂದರ ಹಿಂದೆ ಒಂದು ಜೋಡಿಸಬೇಕು? ಯಾವ ಕಾಲಂ ನೋಡಿ ಗುಂಪುಗಳಾಗಿ ಬೇರ್ಪಡಿಸಬೇಕು? ಮೊದಲನೆಯದು ಅನುಕ್ರಮದ ಪ್ರಶ್ನೆ, ಎರಡನೆಯದು ಒಡೆತನದ ಪ್ರಶ್ನೆ. ಕೆರೆಯ ಸುತ್ತ ಇಬ್ಬರು ಎದುರು ದಿಕ್ಕುಗಳಲ್ಲಿ ನಡೆದಿದ್ದರೆ ಯಾವ ಬಿಂದು ಯಾರದು ಎಂಬುದನ್ನು ಹೇಳಲೇಬೇಕು. ಹೇಳದಿದ್ದರೆ ತಂತ್ರಾಂಶ ಗಡಿಯಾರವನ್ನಷ್ಟೇ ನೋಡಿ ಇವರ ಒಂದು ಬಿಂದುವಿನಿಂದ ಅವರ ಒಂದು ಬಿಂದುವಿಗೆ ಹಾರುತ್ತ, ಕೆರೆಯ ನೀರಿನ ಮೇಲೆಯೇ ಬಲೆ ನೇಯುತ್ತದೆ.

ಈ ಉತ್ತರಗಳನ್ನು ಪಡೆದ ಮೇಲೆ ತಂತ್ರಾಂಶ ಮಾಡುವ ಕೆಲಸ ಬಹಳ ಸರಳ. ಒಂದನೆಯ ಬಿಂದುವಿನಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ನೇರ ಗೀಟು ಎಳೆಯುತ್ತ ಹೋಗುತ್ತದೆ. ಕೊನೆಯ ಬಿಂದುವನ್ನು ಮೊದಲನೆಯದಕ್ಕೆ ಸೇರಿಸಿದರೆ ಅದು ಸುತ್ತುಗೆರೆಯಾಗುತ್ತದೆ. ಸುತ್ತುಗೆರೆಯಿಂದ ವಿಸ್ತೀರ್ಣವನ್ನು ಲೆಕ್ಕಹಾಕಬಹುದು. ದಾರಿಯಲ್ಲಿ ಬಂಡೆಯಿತ್ತೇ, ಬೇಲಿಯಿತ್ತೇ, ನಡೆದವರು ಸುತ್ತಿ ಬಳಸಿ ಹೋದರೇ ಎಂಬುದು ಅದಕ್ಕೆ ತಿಳಿಯದು.

2004ರಲ್ಲಿ ಸ್ಟೀವ್ ಕೋಸ್ಟ್ ಇಂಗ್ಲೆಂಡಿನಲ್ಲಿ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯೂ ಇದೇ ತತ್ವದ ಮೇಲೆ ನಿಂತಿದೆ. ಅಲ್ಲಿ ರಸ್ತೆಯೊಂದು ಬಿಂದುಗಳ ಸಾಲು. ಆ ಸಾಲಿನ ದಿಕ್ಕಿಗೂ ಅರ್ಥವಿದೆ. ಏಕಮುಖ ಸಂಚಾರದ ರಸ್ತೆಯಲ್ಲಿ ಬಿಂದುಗಳು ಸಾಗುವ ಕಡೆಗೇ ವಾಹನಗಳೂ ಸಾಗಬೇಕೆಂದು ನಕ್ಷೆ ಭಾವಿಸುತ್ತದೆ. ನದಿಯನ್ನು ಹರಿವಿನ ದಿಕ್ಕಿನಲ್ಲಿ ಬರೆಯಬೇಕೆಂಬ ನಿಯಮವಿದೆ. ಅನುಕ್ರಮ ತಿರುಗುಮುರುಗಾದರೆ ಗೆರೆ ಅಲ್ಲೇ ಇರುತ್ತದೆ, ಆಕಾರವೂ ಬದಲಾಗುವುದಿಲ್ಲ. ಆದರೆ ಅಘನಾಶಿನಿ ಸಮುದ್ರದಿಂದ ಘಟ್ಟದ ಕಡೆಗೆ ಹರಿಯತೊಡಗುತ್ತದೆ; ದಾರಿ ತೋರಿಸುವ ತಂತ್ರಾಂಶ ವಾಹನ ಚಾಲಕನನ್ನು ಎದುರು ದಿಕ್ಕಿಗೆ ಕಳುಹಿಸುತ್ತದೆ.

ಕಣ್ಣಿಗೆ ಬೀಳುವ ತಪ್ಪುಗಳು

ಕೆಲವು ತಪ್ಪುಗಳು ತೆರೆಯ ಮೇಲೆ ತಾವಾಗಿಯೇ ಬಯಲಾಗುತ್ತವೆ. ಕ್ರಮಸಂಖ್ಯೆಯನ್ನು ತಂತ್ರಾಂಶ ಸಂಖ್ಯೆಯೆಂದು ತಿಳಿಯದೆ ಅಕ್ಷರವೆಂದು ಭಾವಿಸಿದರೆ 1ರ ನಂತರ 2 ಬರುವುದಿಲ್ಲ. 10, 11, 12 ಎಲ್ಲ ಬಂದು ಹೋದ ಮೇಲೆ 2 ಬರುತ್ತದೆ. ನಿಘಂಟಿನಲ್ಲಿ ಪದಗಳನ್ನು ಮೊದಲಕ್ಷರ ನೋಡಿ ಜೋಡಿಸುವ ಹಾಗೆಯೇ ಇದು. ಫಲವಾಗಿ ಕೆರೆಯ ಏರಿಯ ಬದಲು ಜೇಡರ ಬಲೆ ಕಾಣಿಸುತ್ತದೆ. 01, 02 ಎಂದು ಮುಂದೆ ಸೊನ್ನೆ ಸೇರಿಸಿ ಬರೆದರೆ ಅಥವಾ ಆ ಕಾಲಂ ಅನ್ನು ಸಂಖ್ಯೆಯಾಗಿ ಪರಿವರ್ತಿಸಿದರೆ ತೊಂದರೆ ನೀಗುತ್ತದೆ. ಅಕ್ಷರಗಳ ನಡುವಿನ ಸಂಖ್ಯೆಗಳನ್ನು ಸಹಜ ಕ್ರಮದಲ್ಲಿ ಜೋಡಿಸುವ ಆಯ್ಕೆಯೂ ಕ್ಯೂಜಿಐಎಸ್‌ನಲ್ಲಿದೆ.

ಇನ್ನೊಂದು ಪ್ರಸಿದ್ಧ ಎಡವಟ್ಟು ಅಕ್ಷಾಂಶ ಮತ್ತು ರೇಖಾಂಶಗಳನ್ನು ಅದಲುಬದಲು ಮಾಡುವುದು. ಮಾತಿನಲ್ಲಿ ಅಕ್ಷಾಂಶವನ್ನು ಮೊದಲು ಹೇಳುವುದು ರೂಢಿ. ಆದರೆ ಗಣಿತದ ಲೆಕ್ಕದಲ್ಲಿ ಅಡ್ಡಳತೆ ಮೊದಲು ಬರಬೇಕಾದ್ದರಿಂದ ಹಲವು ತಂತ್ರಾಂಶಗಳು ರೇಖಾಂಶವನ್ನು ಮೊದಲು ಕೇಳುತ್ತವೆ. ಬೆಂಗಳೂರಿನ ಎರಡು ಸಂಖ್ಯೆಗಳನ್ನು ಹೀಗೆ ಬದಲಿಸಿದರೆ ನಗರವು ಉತ್ತರ ಧ್ರುವದ ಸಮೀಪ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮದ ಸಮುದ್ರದಲ್ಲಿ ಹೋಗಿ ಬೀಳುತ್ತದೆ.

ದಿನಾಂಕವೂ ಕಾಡುತ್ತದೆ. 03/04 ಎಂಬುದು ಭಾರತೀಯರಿಗೆ ಏಪ್ರಿಲ್ 3. ಅಮೆರಿಕದ ಪದ್ಧತಿ ಅನುಸರಿಸುವ ಗಣಕಯಂತ್ರಕ್ಕೆ ಅದು ಮಾರ್ಚ್ 4. ಅನುಕ್ರಮಕ್ಕೆ ದಿನಾಂಕವನ್ನೇ ನಂಬಿದ್ದರೆ ಪಯಣದ ನಡುವಿನ ದಿನಗಳು ಹಿಂದುಮುಂದಾಗುತ್ತವೆ.

ಇಂಥ ತಪ್ಪುಗಳು ನಗೆ ತರಿಸುತ್ತವೆಯೇ ಹೊರತು ಹೆಚ್ಚು ಹಾನಿ ಮಾಡುವುದಿಲ್ಲ. ಗೆರೆ ವಿಕಾರವಾಗಿ ಕಂಡೊಡನೆ ಎಳೆದವರೇ ಅಳಿಸಿ ತಿದ್ದುತ್ತಾರೆ. ನಿಜವಾದ ಅಪಾಯವಿರುವುದು ಅಂದವಾಗಿ, ನಂಬುವಂತೆ ಕಾಣುವ ಗೆರೆಗಳಲ್ಲಿ.

ಕಣ್ಣಿಗೆ ಬೀಳದ ತಪ್ಪುಗಳು

ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗುವ ಬಸ್ಸು ಸೆಕೆಂಡಿಗೆ ಹತ್ತು ಮೀಟರ್ ಸಾಗುತ್ತದೆ. ಅದರಲ್ಲಿರುವ ಸಾಧನ ಮೂವತ್ತು ಸೆಕೆಂಡಿಗೊಮ್ಮೆ ಬಿಂದು ದಾಖಲಿಸಿದರೆ ಎರಡು ಬಿಂದುಗಳ ನಡುವೆ 300 ಮೀಟರ್ ಅಂತರವಿರುತ್ತದೆ. ಅಷ್ಟರಲ್ಲಿ ಬಸ್ಸು ಎರಡು ತಿರುವು ದಾಟಿರಬಹುದು. ತಂತ್ರಾಂಶ ಎಳೆದ ನೇರ ಗೀಟು ಮನೆಗಳ ಮೇಲೆ, ಆಟದ ಮೈದಾನದ ಮೇಲೆ ಹಾದುಹೋಗುತ್ತದೆ. ಬಸ್ಸು ಕ್ರಮಿಸಿದ ದೂರ ಕಡಿಮೆಯೆಂದು ಲೆಕ್ಕಕ್ಕೆ ಬರುತ್ತದೆ. ಅದೇ ಬಸ್ಸು ಸಿಗ್ನಲಿನಲ್ಲಿ ಐದು ನಿಮಿಷ ನಿಂತರೆ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಉಪಗ್ರಹದ ಅಳತೆ ಪ್ರತಿ ಬಾರಿಯೂ ಕೆಲವು ಮೀಟರ್ ಅತ್ತಿತ್ತ ತುಯ್ಯುವುದರಿಂದ ನಿಂತ ಬಸ್ಸು ಗಿರಕಿ ಹೊಡೆದಂತೆ ಗೆರೆಯಾಗುತ್ತದೆ, ಓಡದ ದೂರ ಸೇರಿಕೊಳ್ಳುತ್ತದೆ. ಬಿಂದುಗಳು ವಿರಳವಾದರೆ ದೂರ ಕುಗ್ಗುತ್ತದೆ, ಅತಿಯಾಗಿ ದಟ್ಟವಾದರೆ ಹಿಗ್ಗುತ್ತದೆ. ದೂರದ ಮೇಲೆ ಬಾಡಿಗೆ ಅಥವಾ ಇಂಧನದ ಹಣ ಲೆಕ್ಕಹಾಕುವವರಿಗೆ ಇದು ಸಣ್ಣ ಸಂಗತಿಯಲ್ಲ.

ರಾತ್ರಿ ಬಸ್ಸಿನ ಗೆರೆಗೆ ಮತ್ತೊಂದು ತೊಡಕಿದೆ. ಜಾಡು ದಾಖಲಿಸುವ ಜಿಪಿಎಕ್ಸ್ ಕಡತಗಳಲ್ಲಿ ಸಮಯವನ್ನು ಜಾಗತಿಕ ಪ್ರಮಾಣಿತ ಕಾಲದಲ್ಲಿ ಬರೆಯಲಾಗುತ್ತದೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಬಿಂದುಗಳನ್ನು ಆ ದಿನಾಂಕದ ಪ್ರಕಾರ ಗುಂಪು ಮಾಡಿದರೆ, ರಾತ್ರಿ ಹತ್ತಕ್ಕೆ ಬೆಂಗಳೂರು ಬಿಟ್ಟು ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿ ತಲುಪಿದ ಬಸ್ಸಿನ ಪಯಣ ಬೆಳಗಿನ 5.30ಕ್ಕೆ ಎರಡು ತುಂಡಾಗುತ್ತದೆ. ಭಾರತೀಯ ಸಮಯಕ್ಕೆ ಬದಲಿಸಿಕೊಂಡರೂ ನಡುರಾತ್ರಿಗೆ ತುಂಡಾಗುತ್ತದೆ. ಗುಂಪು ಮಾಡಬೇಕಾದುದು ದಿನಾಂಕದಿಂದಲ್ಲ, ಪಯಣದ ಸಂಖ್ಯೆಯಿಂದ ಎಂಬುದನ್ನು ನಿರ್ಧರಿಸಬೇಕಾದವರು ಮನುಷ್ಯರೇ.

ಆನೆಗಳ ವಿಷಯದಲ್ಲಿ ಈ ಅಂತರಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಹಾಸನ, ಕೊಡಗು ಭಾಗಗಳಲ್ಲಿ ಕೆಲವು ಕಾಡಾನೆಗಳಿಗೆ ರೇಡಿಯೋ ಕಾಲರ್ ತೊಡಿಸಿ ಅವುಗಳ ಚಲನೆಯನ್ನು ಗಮನಿಸಲಾಗಿದೆ. ಬ್ಯಾಟರಿ ಹೆಚ್ಚು ಕಾಲ ಬಾಳಬೇಕಾದ್ದರಿಂದ ಕಾಲರುಗಳು ಎಡೆಬಿಡದೆ ಬಿಂದು ಕಳುಹಿಸುವುದಿಲ್ಲ, ನಡುವೆ ಬಿಡುವಿರುತ್ತದೆ. ಸಂಜೆ ಕಾಡಂಚಿನಲ್ಲಿದ್ದ ಆನೆ ಬೆಳಿಗ್ಗೆ ಇನ್ನೊಂದು ಕಾಡಂಚಿನಲ್ಲಿ ಕಾಣಿಸಿಕೊಂಡರೆ, ನಡುವಿನ ನೇರ ಗೀಟು ಒಂದು ಊರಿನ ಮೇಲೆ ಹಾದುಹೋಗಬಹುದು. ಆನೆ ಊರೊಳಗೆ ನಡೆಯಿತೇ, ಹಳ್ಳದ ಗುಂಟ ಸುತ್ತಿ ಹೋಯಿತೇ ಎಂಬುದಕ್ಕೆ ಆ ಗೀಟು ಸಾಕ್ಷಿಯಲ್ಲ. ಎರಡು ತುದಿಗಳಲ್ಲಿ ಆನೆ ಇದ್ದದ್ದು ಮಾತ್ರ ಸತ್ಯ. ಇಂಥ ಗೆರೆಗಳನ್ನು ಮುಂದಿಟ್ಟುಕೊಂಡು ಆನೆ ಕಾರಿಡಾರ್ ಗುರುತಿಸುವಾಗ, ಬೇಲಿ ಹಾಕುವಾಗ, ಬೆಳೆಹಾನಿಯ ವಾದ ಮಂಡಿಸುವಾಗ ಯಾವುದು ಅಳೆದದ್ದು, ಯಾವುದು ಊಹಿಸಿದ್ದು ಎಂಬುದನ್ನು ಬೇರೆ ಬೇರೆಯಾಗಿ ತೋರಿಸುವುದು ನ್ಯಾಯ. ಅಂತರ ಹೆಚ್ಚಿರುವ ಕಡೆ ಚುಕ್ಕೆಗೀಟು ಬಳಸುವುದು ಇದಕ್ಕೆ ಸುಲಭ ಉಪಾಯ.

ದುಂಡು ಭೂಮಿ, ಚಪ್ಪಟೆ ತೆರೆ

ಎರಡು ಬಿಂದುಗಳ ನಡುವೆ ನೇರ ಗೆರೆ ಎಂಬ ಮಾತೇ ದೂರದ ಊರುಗಳ ವಿಷಯದಲ್ಲಿ ಗೊಂದಲಕ್ಕೆ ಎಡೆಮಾಡುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ನಿಲುಗಡೆಯಿಲ್ಲದೆ ಬೆಂಗಳೂರಿಗೆ ಬಂದಿಳಿಯಿತು. ಮಹಿಳಾ ಪೈಲಟ್‌ಗಳೇ ನಡೆಸಿದ ಆ ವಿಮಾನ ಉತ್ತರ ಧ್ರುವದ ಮಾರ್ಗವಾಗಿ ಬಂದದ್ದು ದೊಡ್ಡ ಸುದ್ದಿಯಾಗಿತ್ತು.

ಈ ಎರಡು ನಗರಗಳ ಬಿಂದುಗಳನ್ನು ಸಾಮಾನ್ಯ ಪ್ರಪಂಚ ನಕ್ಷೆಯ ಮೇಲೆ ಸೇರಿಸಿದರೆ ತಂತ್ರಾಂಶ ಅಮೆರಿಕವನ್ನು ಅಡ್ಡಹಾಯ್ದು, ಅಟ್ಲಾಂಟಿಕ್ ದಾಟಿ, ಸಹಾರಾ ಮರುಭೂಮಿಯ ಮೇಲೆ ಹಾದು, ಅರಬ್ಬೀ ಸಮುದ್ರದ ಕಡೆಯಿಂದ ಬೆಂಗಳೂರು ತಲುಪುವ ಗೀಟು ಎಳೆಯುತ್ತದೆ. ತೆರೆಯ ಮೇಲೆ ಅದು ನೇರವಾಗಿಯೇ ಕಾಣುತ್ತದೆ. ಆದರೆ ಭೂಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಪೆಸಿಫಿಕ್ಕಿನ ಉತ್ತರಕ್ಕೆ ಏರಿ ಆರ್ಕ್‌ಟಿಕ್ ವಲಯವನ್ನು ಮುಟ್ಟಿ ಇಳಿಯುತ್ತದೆ. ಉದ್ದ ಸುಮಾರು 14,000 ಕಿ.ಮೀ. ನಕ್ಷೆಯ ಎಡ ಮತ್ತು ಬಲ ಅಂಚುಗಳು ವಾಸ್ತವದಲ್ಲಿ ಪರಸ್ಪರ ಅಂಟಿಕೊಂಡಿವೆ ಎಂಬುದನ್ನು ತಂತ್ರಾಂಶಕ್ಕೆ ಪ್ರತ್ಯೇಕವಾಗಿ ಹೇಳಬೇಕು. ಭೂಮಿಯ ದುಂಡನ್ನು ಪರಿಗಣಿಸಿ ಗೆರೆ ಎಳೆಯುವ ಸಲಕರಣೆಗಳಿವೆ. ಆದರೆ ಅವುಗಳನ್ನು ಆರಿಸಿಕೊಳ್ಳಬೇಕು, ತಾವಾಗಿ ಬರುವುದಿಲ್ಲ.

ಗೆರೆಯ ಆಚೆ ಯಾರ ಜಮೀನು?

ಮೇಲಿನವೆಲ್ಲ ದೂರದ ಮಾತು ಎನಿಸಿದರೆ ಒಂದು ನಿವೇಶನದ ಲೆಕ್ಕ ನೋಡಬಹುದು. ಬೆಂಗಳೂರಿನ ಮಧ್ಯಮ ವರ್ಗದ ಕನಸಾದ 30-40 ನಿವೇಶನದ ಅಗಲ ಸುಮಾರು 9.1 ಮೀಟರ್. ಮೊಬೈಲಿನ ತಪ್ಪು ಐದು ಮೀಟರ್ ಎಂದರೆ ಅದರ ಅರ್ಧಕ್ಕಿಂತಲೂ ಹೆಚ್ಚು. ಹಳ್ಳಿಯ ಲೆಕ್ಕದಲ್ಲಿ 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ನಲವತ್ತು ಗುಂಟೆ ಒಂದು ಎಕರೆ. 33 ಅಡಿ ಎಂದರೆ ಹತ್ತು ಮೀಟರ್. ಮೊಬೈಲು ಹಿಡಿದು ಹೊಲದ ಬದುವಿನ ಮೇಲೆ ನಡೆದು ಎಳೆದ ಗೆರೆ ಅರ್ಧ ಗುಂಟೆಯಗಲ ಅತ್ತ ಅಥವಾ ಇತ್ತ ಸರಿದಿರಬಹುದು. ಅಂಥ ಗೆರೆಯನ್ನು ನೆರೆಯವನ ಮುಖಕ್ಕೆ ಹಿಡಿದು ಒತ್ತುವರಿಯಾಗಿದೆ ಎಂದು ಜಗಳಕ್ಕೆ ನಿಲ್ಲುವುದು ದುಡುಕು. ಬಾಂದು ಕಲ್ಲು, ಟಿಪ್ಪಣಿ ಮತ್ತು ಭೂಮಾಪಕರ ಅಳತೆಗೆ ಇರುವ ಮಾನ್ಯತೆ ಅದಕ್ಕಿಲ್ಲ.

ಭೂಮಾಪಕರು ಬಳಸುವ ಉಪಕರಣಗಳು ಬೇರೆ. ಸ್ಥಿರ ನಿಲ್ದಾಣಗಳಿಂದ ಬರುವ ತಿದ್ದುಪಡಿಯನ್ನು ಆ ಕ್ಷಣವೇ ಪಡೆಯುವ ರೋವರ್ ಸಾಧನಗಳು ಸೆಂಟಿಮೀಟರುಗಳ ಮಟ್ಟದಲ್ಲಿ ಬಿಂದು ಗುರುತಿಸಬಲ್ಲವು. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಗ್ರಾಮಠಾಣದ ಆಸ್ತಿಗಳನ್ನು ಡ್ರೋನ್ ಮೂಲಕ ಅಳೆಯುವ ಕೆಲಸದಲ್ಲಿಯೂ ಇಂಥ ನಿಲ್ದಾಣಗಳ ನೆರವಿದೆ. ತೆರೆಯ ಮೇಲೆ ಮೊಬೈಲಿನ ಗೆರೆಯೂ ರೋವರಿನ ಗೆರೆಯೂ ಒಂದೇ ದಪ್ಪ, ಒಂದೇ ಬಣ್ಣ. ಎರಡರ ನಡುವಿನ ವ್ಯತ್ಯಾಸ ಗೆರೆಯಲ್ಲಿ ಕಾಣುವುದಿಲ್ಲ, ದಾಖಲೆಯಲ್ಲಿ ಬರೆದಿರಬೇಕು.

ಹಳೆಯ ನಕ್ಷೆಗಳನ್ನು ಬಳಸುವಾಗ ಇನ್ನೊಂದು ಎಚ್ಚರ ಬೇಕು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಿಂದಿನ ನಕ್ಷೆಗಳು 1830ರಲ್ಲಿ ಜಾರ್ಜ್ ಎವರೆಸ್ಟ್ ಗೊತ್ತುಪಡಿಸಿದ ಭೂಮಿಯ ಆಕಾರವನ್ನು ಆಧರಿಸಿದ್ದವು. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಎಂಬ ಜಾಗತಿಕ ಆಕಾರವನ್ನು. ಒಂದೇ ಅಕ್ಷಾಂಶ, ರೇಖಾಂಶಗಳನ್ನು ಎರಡರಲ್ಲೂ ಗುರುತಿಸಿದರೆ ಬೆಂಗಳೂರಿನ ಆಸುಪಾಸಿನಲ್ಲಿ ನೂರು ಮೀಟರಿಗೂ ಹೆಚ್ಚು ಅಂತರ ಬೀಳುತ್ತದೆ. ಹಳೆಯ ನಕ್ಷೆಯ ಕೆರೆಯನ್ನು ಪರಿವರ್ತಿಸದೆ ಹೊಸ ನಕ್ಷೆಯ ಮೇಲೆ ಹಾಸಿದರೆ ಕೆರೆಯೇ ಪಕ್ಕದ ಬೀದಿಗೆ ಸರಿಯುತ್ತದೆ. ಯಾವ ಮನೆ ಕೆರೆಯಂಗಳದಲ್ಲಿದೆ, ಯಾವುದು ಹೊರಗಿದೆ ಎಂಬ ತೀರ್ಮಾನ ತಲೆಕೆಳಗಾಗುತ್ತದೆ.

ಕೆರೆಯಂಚಿನ ಗೆರೆ ಎಷ್ಟು ಮುಖ್ಯ ಎಂಬುದನ್ನು ರಾಜಧಾನಿಯ ಜನ ಬಲ್ಲರು. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ಪ್ರದೇಶ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಚರ್ಚೆಯೆಲ್ಲ ಎಷ್ಟು ಮೀಟರ್ ಎಂಬುದರ ಸುತ್ತ ನಡೆಯಿತು. ಆದರೆ ಎಷ್ಟೇ ಮೀಟರ್ ಇರಲಿ, ಅಳತೆ ಆರಂಭವಾಗಬೇಕಾದುದು ಕೆರೆಯಂಚಿನ ಗೆರೆಯಿಂದ. ಬೇಸಿಗೆಯಲ್ಲಿ ನೀರಿನ ಅಂಚಿನಲ್ಲಿ ನಡೆದು ದಾಖಲಿಸಿದ ಬಿಂದುಗಳು ಒಂದು ಗೆರೆ ಕೊಟ್ಟರೆ, ಕೆರೆ ಕೋಡಿಬಿದ್ದಾಗ ದಾಖಲಿಸಿದವು ಇನ್ನೊಂದು ಗೆರೆ ಕೊಡುತ್ತವೆ. ಎರಡೂ ಪ್ರಾಮಾಣಿಕ ಅಳತೆಗಳೇ. ಅವುಗಳ ನಡುವಿನ ಪಟ್ಟಿಯಲ್ಲಿ ಕೆಲವರ ಮನೆಗಳಿರಬಹುದು, ಕೆರೆಯ ಉಸಿರೂ ಇರಬಹುದು. ಯಾವ ಗೆರೆಯನ್ನು ಕೆರೆಯೆಂದು ಕರೆಯಬೇಕು ಎಂಬುದನ್ನು ತಂತ್ರಾಂಶ ಹೇಳಲಾರದು. ಅದು ಕಾನೂನು ಮತ್ತು ಕಂದಾಯ ದಾಖಲೆಗಳು ತೀರ್ಮಾನಿಸಬೇಕಾದ ವಿಷಯ.

ಲ್ಯಾಂಬ್ಟನ್ ಮಾಡಿದ ಪರೀಕ್ಷೆ

ಬಿಂದುಗಳಿಂದ ದೇಶವನ್ನೇ ಗೆರೆಗಳಲ್ಲಿ ಹಿಡಿಯುವ ಕೆಲಸ ದಕ್ಷಿಣ ಭಾರತಕ್ಕೆ ಹೊಸದಲ್ಲ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದರು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದರ ಕಡೆಗಿನ ಕೋನಗಳನ್ನು ಅಳೆದರೆ ಆ ಬೆಟ್ಟದ ದೂರ ಲೆಕ್ಕದಲ್ಲಿ ದೊರೆಯುತ್ತದೆ. ಹೀಗೆ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ, ಬೆಟ್ಟದಿಂದ ಬೆಟ್ಟಕ್ಕೆ ಸಾಗುತ್ತ ಅವರು ಮೈಸೂರು ಸೀಮೆಗೆ ಬಂದರು. ಮುಂದೆ ಇದೇ ತ್ರಿಕೋನಗಳ ಸಾಲು ಪಶ್ಚಿಮ ಕರಾವಳಿಯನ್ನು ಮುಟ್ಟಿತು.

ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಲ್ಯಾಂಬ್ಟನ್ ಅದನ್ನು ಹಾಗೆಯೇ ಒಪ್ಪಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ಸರಪಳಿ ಹಿಡಿದು ನೆಲದ ಮೇಲೆಯೇ ಅಳೆಯಲಾಯಿತು. ಮದರಾಸಿನಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕಕ್ಕೂ ಈ ಅಳತೆಗೂ ಇದ್ದ ವ್ಯತ್ಯಾಸ ಕೆಲವೇ ಅಂಗುಲ. ಆ ಅಂಗುಲಗಳನ್ನು ಕಂಡ ಮೇಲೆಯೇ ಅಷ್ಟು ದೂರದ ಕೆಲಸ ನಂಬಿಕೆಗೆ ಅರ್ಹವಾಯಿತು.

ಇಂದಿನ ತಂತ್ರಾಂಶದ ಮುಂದೆ ಕುಳಿತವರಿಗೂ ಇದೇ ದಾರಿ. ಬಿಂದುಗಳನ್ನು ಯಾವ ಸಾಧನದಿಂದ, ಯಾವ ದಿನ, ಎಷ್ಟು ಅಂತರಕ್ಕೊಮ್ಮೆ ದಾಖಲಿಸಲಾಯಿತು ಎಂಬುದನ್ನು ಗೆರೆಯ ಜೊತೆಯಲ್ಲೇ ಬರೆದಿಡಬೇಕು. ಅನುಕ್ರಮ ಮತ್ತು ಗುಂಪನ್ನು ಯಾವ ಕಾಲಂನಿಂದ ನಿರ್ಧರಿಸಲಾಯಿತು ಎಂಬುದನ್ನೂ ತಿಳಿಸಬೇಕು. ಮೂಲ ಬಿಂದುಗಳನ್ನು ಅಳಿಸದೆ ಉಳಿಸಿಕೊಳ್ಳಬೇಕು; ಗೆರೆ ತಪ್ಪೆಂದು ತಿಳಿದಾಗ ಮತ್ತೆ ಎಳೆಯಲು ಅವೇ ಆಧಾರ. ಪತ್ರಿಕೆಯಲ್ಲಾಗಲಿ, ಸರ್ಕಾರಿ ಕಡತದಲ್ಲಾಗಲಿ, ಬಡಾವಣೆಯ ಮನವಿಪತ್ರದಲ್ಲಾಗಲಿ ನಕ್ಷೆಯೊಂದನ್ನು ಕಂಡವರು ಈ ವಿವರಗಳನ್ನು ಕೇಳಿ ಪಡೆಯಬಹುದು. ಕೊನೆಯದಾಗಿ, ಗೆರೆ ಯಾರದಾದರೂ ಮನೆ, ಹೊಲ ಅಥವಾ ಕೆರೆಯ ಮೇಲೆ ಹಾದುಹೋಗುವುದಾದರೆ, ಅದನ್ನು ಅಂತಿಮಗೊಳಿಸುವ ಮೊದಲು ಒಮ್ಮೆ ಆ ಜಾಗಕ್ಕೆ ಹೋಗಿ ಅಳೆದು ನೋಡಬೇಕು.